ಮೂರು ದಿನ, ಅಪಘಾತವಿಲ್ಲದೆ

ನಮ್ಮ ಭಾವನ ಮನೆಯಲ್ಲಿ ಯಾರಾದರೂ ಬೆರಳು ಕೊಯ್ದುಕೊಂಡರೆ ಮೊದಲು ಒರೆಸುವುದು ರಕ್ತವನ್ನಲ್ಲ, ಬೋರ್ಡನ್ನು!

ಯಾವ ಬೋರ್ಡು ಅಂತೀರಾ? ಭಾವ, ಅಂದರೆ ನನ್ನ ಅಕ್ಕನ ಗಂಡ, ಭದ್ರಾವತಿಯ ಒಂದು ಕಾರ್ಖಾನೆಯ ಸೇಫ್ಟಿ ವಿಭಾಗದಲ್ಲಿ ಮೂವತ್ತೇಳು ವರ್ಷ ದುಡಿದವರು. ಅಲ್ಲಿ ಗೇಟಿನ ಹತ್ತಿರ ಒಂದು ಕರಿಹಲಗೆ ಇತ್ತಂತೆ. 'ಅಪಘಾತವಿಲ್ಲದ ದಿನಗಳು' ಎಂದು ಬರೆದು, ಮುಂದೆ ಸೀಮೆಸುಣ್ಣದಲ್ಲಿ ಅಂಕಿ. ಯಾರಿಗಾದರೂ ಪೆಟ್ಟಾದರೆ ಅಂಕಿ ಅಳಿಸಿ ಸೊನ್ನೆ. ರಿಟೈರ್ ಆದ ಮೇಲೆ ಬೇರೆಯವರು ತೀರ್ಥಯಾತ್ರೆ ಹೊರಡುತ್ತಾರೆ. ಭಾವ ಶಿವಮೊಗ್ಗದ ವಿನೋಬನಗರಕ್ಕೆ ಬಂದು, ಬಡಗಿಯನ್ನು ಕರೆಸಿ, ಅಂಥದೇ ಒಂದು ಬೋರ್ಡು ಮಾಡಿಸಿ ಹಾಲ್‌ನಲ್ಲಿ ಎತ್ತರಕ್ಕೆ ನೇತುಹಾಕಿದರು. ನಾನು ಒಮ್ಮೆ ವಿದ್ಯಾನಗರದಿಂದ ಆಟೋದಲ್ಲಿ ಹೋಗಿ, ಹಪ್ಪಳ ಕರಿಯುವಾಗ ಎಣ್ಣೆ ಸಿಡಿಸಿಕೊಂಡು, ಅವರ ನೂರ ಹನ್ನೆರಡು ದಿನಗಳನ್ನು ಒಂದೇ ಏಟಿಗೆ ಹಾಳು ಮಾಡಿದೆ. ಆಮೇಲೆ ತಿಂಗಳುಗಟ್ಟಲೆ ನನಗೆ ಅವರ ಅಡುಗೆಮನೆಗೆ ಪ್ರವೇಶವಿರಲಿಲ್ಲ. ನಾನು ಓದಿದ ಕಾನ್ವೆಂಟಿನ ಸಿಸ್ಟರ್‌ಗಳು ಕೂಡ ನನಗೆ ಅಂಥ ಪನಿಶ್‌ಮೆಂಟ್ ಕೊಟ್ಟಿರಲಿಲ್ಲ. (ಅದು ಪನಿಶ್‌ಮೆಂಟೋ ರಜೆಯೋ ಎಂಬ ಪ್ರಶ್ನೆಯನ್ನು ಈಗ ಎತ್ತುವುದು ಬೇಡ.)

ತಮ್ಮ ಮಗಳ ಮದುವೆಯಲ್ಲಿ ಭಾವ ಆರತಿ ತಟ್ಟೆಯ ಎರಡು ಕಡೆ ಮರಳು ತುಂಬಿದ ಕೆಂಪು ಬಕೆಟ್ ಇಟ್ಟಿದ್ದರು. ದೀಪ ಎಷ್ಟು ದೊಡ್ಡದು? ಕಡಲೆಕಾಳಿನಷ್ಟು! ಆಲ್ಬಮ್ಮಿನ ಪ್ರತಿ ಫೋಟೋದಲ್ಲೂ ಆ ಬಕೆಟ್‌ಗಳು ವಧುವಿನ ಅಕ್ಕಪಕ್ಕ ಬ್ರೈಡ್ಸ್‌ಮೇಡ್‌ಗಳ ಹಾಗೆ ನಿಂತಿವೆ. ಅಳಿಯ ಶಂಕರಘಟ್ಟದ ಲೈಬ್ರರಿಯಲ್ಲಿ ಕೆಲಸ ಮಾಡುವ ಸಾಧು ಮನುಷ್ಯ. ಆ ಫೋಟೋ ನೋಡಿದಾಗಲೆಲ್ಲ, ತಾನು ಯಾರನ್ನು ಮದುವೆಯಾದೆನೆಂದು ಸ್ವಲ್ಪ ಯೋಚಿಸಬೇಕಾಗುತ್ತದೆ ಎನ್ನುತ್ತಾನೆ.

ಇಂಥ ಮನೆಯಲ್ಲಿ ಬೀಳುವುದಾದರೂ ಹೇಗೆ? ಬಚ್ಚಲಲ್ಲಿ ರಬ್ಬರ್ ಮ್ಯಾಟು, ಮೆಟ್ಟಿಲಿಗೆ ಹಳದಿ ಪಟ್ಟಿ. ಆದರೂ ಅಕ್ಕ ಬಿದ್ದಳು. ಬಚ್ಚಲಲ್ಲಲ್ಲ, ಮೆಟ್ಟಿಲ ಮೇಲಲ್ಲ. ಹಬ್ಬದ ಮುನ್ನಾ ದಿನ ಸ್ಟೂಲ್ ಹತ್ತಿ ಧೂಳು ಹೊಡೆಯುವಾಗ ಬಿದ್ದಳು. ಯಾವುದರ ಧೂಳು? ಅದೇ ಬೋರ್ಡಿನದು.

ಸೊಂಟದ ಆಪರೇಷನ್ ಆಯಿತು. ಡಾಕ್ಟರು ನಡೆಯಿರಿ ಎಂದರು. ಅಕ್ಕ ಹಾಲ್‌ನಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಹಾಲ್‌ಗೆ ನಡೆದಳು. ಗೇಟು ಮಾತ್ರ ದಾಟಲಿಲ್ಲ. ಒಂದೂವರೆ ವರ್ಷ! ಸಂತೆಗೆ ಹೋಗಿ ಬದನೆಕಾಯಿಯ ತೊಟ್ಟು ತಿರುವಿ ನೋಡದೆ ಕೊಳ್ಳದ ನನ್ನ ಅಕ್ಕ, ಗೇಟಿನ ಮುಂದೆ ಬಂದ ತಳ್ಳುಗಾಡಿಯವನು ಕೊಟ್ಟದ್ದನ್ನು ತೆಗೆದುಕೊಳ್ಳತೊಡಗಿದಳು. ಭಾವ ಬೋರ್ಡನ್ನು ಇಳಿಸಿ, ಕುಳಿತವರ ಕೈಗೂ ಎಟಕುವಷ್ಟು ಕೆಳಗೆ ಮೊಳೆ ಹೊಡೆದರು. ಆದರೆ ಅದರ ಮೇಲೆ ಮತ್ತೆ ಅಂಕಿ ಬರೆಯಲಿಲ್ಲ. ಅಪಘಾತ ಇನ್ನೂ ಮುಗಿದಿಲ್ಲ ಎನ್ನುವವರ ಹಾಗೆ ಸೊನ್ನೆಯನ್ನು ಹಾಗೇ ಬಿಟ್ಟರು.

ಒಂದು ದಿನ ಫಿಸಿಯೋಥೆರಪಿಯ ಹುಡುಗಿ, ಎಲ್ಲಿಗಾದರೂ ಹೋಗುವ ಆಸೆಯಿದೆಯಾ ಆಂಟಿ ಎಂದು ಕೇಳಿದಳು. ಅಕ್ಕ ಜಾಣೆ. ಗಂಡನನ್ನು ಓರೆಗಣ್ಣಲ್ಲಿ ನೋಡಿ, ಬೋಟಿನಲ್ಲಿ ಕರಾವಳಿಯ ಉದ್ದಕ್ಕೂ ಹೋಗಬೇಕು, ಮನೆಯವರೆಲ್ಲ ಸೇರಿ, ಎಂದಳು. ತುಂಗೆಯಲ್ಲಿ ತೆಪ್ಪ ಹತ್ತಲು ಬಿಡದ ಮನುಷ್ಯ ಸಮುದ್ರಕ್ಕೆ ಕರೆದೊಯ್ಯುತ್ತಾನೆಯೇ? ಅಲ್ಲಿಗೆ ತನ್ನನ್ನು ಕಾಡುವವರ ಬಾಯಿ ಮುಚ್ಚಿತು ಎಂದುಕೊಂಡಳು.

ಭಾವ ಎದ್ದು ಹೋಗಿ ಕ್ಯಾಲೆಂಡರ್ ತಂದರು. "ಡಿಸೆಂಬರ್‌ನಲ್ಲಿ ಸಮುದ್ರ ಶಾಂತವಾಗಿರುತ್ತೆ," ಎಂದರು.

ಅಕ್ಕನ ಮುಖ ನೋಡಬೇಕಿತ್ತು!

ಮುಂದಿನ ಮೂರು ವಾರ ವಿನೋಬನಗರದ ಆ ಹಾಲ್ ಬಂದರಾಯಿತು. ನೆಲದ ಮೇಲೆ ಸೀಮೆಸುಣ್ಣದಲ್ಲಿ ಬೋಟಿನ ಚಿತ್ರ. ನಾನು, ಮಗಳು, ಅಳಿಯ, ಮೂವರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್. ಭಾವನ ಕೊರಳಲ್ಲಿ ಸೀಟಿ. ಒಂದು ಸೀಟಿಗೆ ಕೂರಬೇಕು, ಎರಡಕ್ಕೆ ಏಳಬೇಕು, ಮೂರಕ್ಕೆ ಅಳಿಯ ಸಮುದ್ರಕ್ಕೆ ಬೀಳಬೇಕು. ಅವನು ಸೋಫಾದ ಪಕ್ಕ ಬಿದ್ದುಕೊಂಡು ಕೈ ಆಡಿಸುವಾಗಲೇ ಹಾಲಿನವನು ಬಂದು, ಯಜಮಾನರಿಗೆ ಮೈ ಹುಷಾರಿಲ್ಲವಾ ಎಂದು ಕೇಳಿ ಹೋದ. ಅಕ್ಕ ದಿವಾನಿನ ಮೇಲೆ ಕೂತು ನಗುತ್ತಿದ್ದಳು, ಡ್ರಿಲ್ಲಿಗೆ ಮಾತ್ರ ಬರಲಿಲ್ಲ.

ಭಾವ ಒತ್ತಾಯಿಸಲಿಲ್ಲ. ಅಡುಗೆಮನೆಯ ದಾರಿಯಲ್ಲಿ ಒಂದಡಿ ಅಂತರದಲ್ಲಿ ಎರಡು ಗೆರೆ ಎಳೆದಿದ್ದರು. ಈ ಕಡೆಯದು ದಕ್ಕೆ, ಅಂದರೆ ಬೋಟು ಹತ್ತುವ ಕಟ್ಟೆ, ಆ ಕಡೆಯದು ಬೋಟು, ನಡುವೆ ನೀರು. ಕಾಫಿಗೆ, ಒಗ್ಗರಣೆಗೆ, ಕುಕ್ಕರ್ ಇಳಿಸಲಿಕ್ಕೆ ಎಂದು ಅಕ್ಕ ದಿನಕ್ಕೆ ಇಪ್ಪತ್ತು ಸಲ ಸಮುದ್ರ ದಾಟುತ್ತಿದ್ದಳು. ಅದು ಅವಳಿಗೆ ತಿಳಿದಿತ್ತೋ ಇಲ್ಲವೋ, ನಾನು ಕೇಳಲಿಲ್ಲ.

ವ್ಯಾನಿನವನು ಗೇಟಿನ ಒಳಗೇ ಗಾಡಿ ತಂದು ನಿಲ್ಲಿಸಿದ. ಅಕ್ಕ ಹತ್ತಿ ಕೂತಳು, ಗೇಟು ಬಂದಾಗ ಕಣ್ಣು ಮುಚ್ಚಿಕೊಂಡಳು. ಹೊನ್ನಾವರದಲ್ಲಿ ಬಾಡಿಗೆ ಬೋಟು ಕಾಯುತ್ತಿತ್ತು. ಹಗಲು ಪ್ರಯಾಣ, ರಾತ್ರಿ ದಡದ ಲಾಡ್ಜು, ಮೂರನೆಯ ದಿನ ಮಲ್ಪೆ. ಭಾವ ಬೋಟಿನ ಹಗ್ಗ, ಹಲಗೆ, ಇಂಜಿನ್ನು ಎಲ್ಲವನ್ನೂ ಮುಕ್ಕಾಲು ಗಂಟೆ ತಪಾಸಣೆ ಮಾಡಿದರು. ಬೋಟಿನ ಯಜಮಾನ ಬೀಡಿ ಮುಗಿಸಿ, "ಬೋಟು ಆಯ್ತಲ್ಲ, ಇನ್ನು ಸಮುದ್ರಕ್ಕೂ ಒಂದು ಸರ್ಟಿಫಿಕೇಟ್ ಕೊಟ್ಬಿಡಿ," ಎಂದ.

ನಾವು ಮೂವರೂ ಡ್ರಿಲ್ಲಿನಂತೆ ಹತ್ತಿದೆವು. ಅಕ್ಕ ದಕ್ಕೆಯ ತುದಿಗೆ ಬಂದು ನಿಂತುಬಿಟ್ಟಳು. ಬೋಟು ಏಳುತ್ತಿತ್ತು, ಇಳಿಯುತ್ತಿತ್ತು. ನಡುವಿನ ಸಂದಿಯಲ್ಲಿ ಹಸಿರು ನೀರು ಲೊಚಗುಟ್ಟುತ್ತಿತ್ತು.

"ಇಲ್ಲ ಕಣ್ರೀ. ವಾಪಸ್ ಹೋಗೋಣ," ಎಂದಳು.

ಆಗ ಭಾವ ಏನು ಮಾಡಿದರು ಗೊತ್ತೇ? ಮೂರು ವಾರ ನಮಗೆ ಯಾವುದನ್ನು ಮಾಡಬಾರದೆಂದು ಪಾಠ ಹೇಳಿದ್ದರೋ ಅದನ್ನೇ ಮಾಡಿದರು. ಒಂದು ಕಾಲು ಬೋಟಿನಲ್ಲಿ, ಒಂದು ಕಾಲು ದಕ್ಕೆಯ ಅಂಚಿನಲ್ಲಿ ಊರಿ, ಎರಡೂ ಕೈ ಚಾಚಿದರು.

"ಕೆಳಗೆ ನೋಡಬೇಡ. ಇದು ಅಡುಗೆಮನೆಗೆ ಹೋಗೋ ಗೆರೆ, ಅಷ್ಟೇ. ಕುಕ್ಕರ್ ಕೂಗ್ತಿದೆ, ಬಾ."

ಅಕ್ಕ ದಾಟಿದಳು. ಬೋಟು ಒಮ್ಮೆ ದಕ್ಕೆಗೆ ಧಡ್ ಎಂದು ತಾಗಿತು. ಭಾವನ ಕಣ್ಣಲ್ಲಿ ನೀರು ಬಂತು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಇಷ್ಟು ವರ್ಷಕ್ಕೆ ಈ ಮನುಷ್ಯನಿಗೆ ಒಂದು ಎಮೋಷನ್ ಬಂತಲ್ಲ ಎಂದು ನಾನು ಇನ್ನೂ ಜೋರಾಗಿ ತಟ್ಟಿದೆ.

ಆ ಚಳಿಗಾಲದ ಬಿಸಿಲನ್ನು ನಾನು ಹೇಗೆ ಬಣ್ಣಿಸಲಿ? ಎಡಗಡೆ ತೆಂಗಿನ ಸಾಲು, ಅದರ ಹಿಂದೆ ನೀಲಿ ಘಟ್ಟ. ನಮ್ಮ ಊರು ಆ ಘಟ್ಟದ ಆಚೆ ಎಲ್ಲೋ ಇದೆ ಎಂದರೆ ನಂಬಲಾಗುತ್ತಿರಲಿಲ್ಲ. ಅಕ್ಕ ಸೆರಗನ್ನು ತಲೆಗೆ ಬಿಗಿದುಕೊಂಡು, ಕಂಡ ಪ್ರತಿ ಊರಿನ ಹೆಸರು ಕೇಳಿದಳು. ಮೀನು ನೆಗೆದರೆ ಅಳಿಯನ ತೋಳು ಚಿವುಟಿದಳು. ಗಂಗೊಳ್ಳಿಯಲ್ಲಿ ಎಲ್ಲರೂ ಚಪ್ಪಲಿ ಬಿಟ್ಟು ಅಲೆಯಲ್ಲಿ ನಿಂತೆವು, ಅಕ್ಕನೂ ನಿಂತಳು. ಭಾವ ಮಾತ್ರ ಕ್ಯಾನ್ವಾಸ್ ಶೂ ಬಿಚ್ಚದೆ ದೂರದ ಕಲ್ಲಿನ ಮೇಲೆ ಕೂತಿದ್ದರು. ಮಾವ ಶೂ ಹಾಕಿಕೊಂಡೇ ಹುಟ್ಟಿರಬೇಕು ಎಂದು ಅಳಿಯ ನಕ್ಕ. ನಾವೂ ನಕ್ಕೆವು.

ಮರುದಿನ ಬೆಳಿಗ್ಗೆ ಲಾಡ್ಜಿನ ಹಿಂದಿನ ನಲ್ಲಿಯ ಹತ್ತಿರ ಅವರು ಕಾಲ್ಚೀಲ ಎಳೆಯುತ್ತಿದ್ದುದನ್ನು ಕಂಡೆ. ಎಡಗಾಲಿನ ಹೆಬ್ಬೆರಳು ಮಾಗಿದ ನೇರಳೆಹಣ್ಣಿನಂತಾಗಿತ್ತು. ಆ ಧಡ್ ಶಬ್ದ ನನಗೆ ಆಗ ನೆನಪಾಯಿತು. ಎಮೋಷನ್ ಅಂತೆ, ಎಮೋಷನ್!

"ಭಾವ, ಇದು ಆಕ್ಸಿಡೆಂಟ್ ಅಲ್ವಾ?" ಎಂದೆ.

"ಮೆಲ್ಲಗೆ ಮಾತಾಡು ಮಾರಾಯ್ತಿ," ಎಂದರು. ಆಮೇಲೆ ಕಾಲ್ಚೀಲವನ್ನು ಪೂರ್ತಿ ಮೇಲೆಳೆದುಕೊಂಡರು. "ಮೂವತ್ತೇಳು ವರ್ಷದಲ್ಲಿ ಒಂದೇ ಒಂದು ಆಕ್ಸಿಡೆಂಟ್ ಮುಚ್ಚಿಟ್ಟಿಲ್ಲ ನಾನು. ಮುಚ್ಚಿಟ್ಟವರನ್ನ ಸಸ್ಪೆಂಡ್ ಮಾಡ್ಸಿದೀನಿ. ಇದೊಂದು ಇರ್ಲಿ. ಗೊತ್ತಾದ್ರೆ ಅವಳು ಮತ್ತೆ ಹೊರಗೆ ಕಾಲಿಡಲ್ಲ."

ಸುಳ್ಳು ಹೇಳಿದರೆ ನಾಲಿಗೆ ಕಪ್ಪಾಗುತ್ತದೆಂದು ಸಿಸ್ಟರ್‌ಗಳು ಹೇಳುತ್ತಿದ್ದರು. ಉಳಿದ ಎರಡು ದಿನ ನಾನು ಬಾಯಿ ಮುಚ್ಚಿಕೊಂಡಿದ್ದೆ. ಅದು ನನಗೆ ಎಷ್ಟು ಕಷ್ಟವೆಂದು ನನ್ನನ್ನು ಬಲ್ಲವರಿಗೆ ಗೊತ್ತು.

ಮಲ್ಪೆಯಿಂದ ವಾಪಸಾದಾಗ ಅಕ್ಕ ವ್ಯಾನನ್ನು ಗೇಟಿನ ಹೊರಗೇ ನಿಲ್ಲಿಸಲು ಹೇಳಿದಳು. ತಾನೇ ಇಳಿದು, ಗೇಟು ತೆರೆದು, ಎದುರುಮನೆಯವಳಿಗೆ ಸಮುದ್ರದ ವರದಿ ಕೊಟ್ಟು ಒಳಗೆ ಬಂದಳು. ಸೀದಾ ಬೋರ್ಡಿನ ಹತ್ತಿರ ಹೋಗಿ ಸೀಮೆಸುಣ್ಣ ಕೇಳಿದಳು. ಭಾವ ಕೊಟ್ಟರು. ಸೆರಗಿನಿಂದ ಸೊನ್ನೆಯನ್ನು ಒರೆಸಿ, ದೊಡ್ಡದಾಗಿ ಮೂರು ಎಂದು ಬರೆದಳು. ಭಾವ ನನ್ನ ಕಡೆ ನೋಡಿದರು. ನಾನು ಫ್ಯಾನ್ ನೋಡಿದೆ.

ಅಕ್ಕ ಸೀಮೆಸುಣ್ಣದ ಗೆರೆಗಳನ್ನು ದಾಟಿ ಅಡುಗೆಮನೆಗೆ ಹೋದಳು. ಕಾಫಿ ತರುತ್ತಾಳೆಂದು ನಾವೆಲ್ಲ ಕಾಲು ಚಾಚಿದೆವು. ತಂದದ್ದು ಬಟ್ಟಲಿನಲ್ಲಿ ಬಿಸಿ ಎಣ್ಣೆ, ಅರಿಶಿನ. ಮೋಟು ಸ್ಟೂಲನ್ನು ಭಾವನ ಮುಂದೆ ಎಳೆದುಕೊಂಡು, ಸೊಂಟ ಹಿಡಿದುಕೊಂಡು ನಿಧಾನವಾಗಿ ಕೂತಳು.

"ಈಗ ಆ ಶೂ ಬಿಚ್ಚಿ," ಎಂದಳು. "ಎಡಗಾಲಿಂದು."

ಬೋರ್ಡನ್ನು ಯಾರೂ ಒರೆಸಲಿಲ್ಲ.