ಕಂಪ್ಯೂಟರು ಒರೆಸಿದ ಕುಂಕುಮ

ಪುಕ್ಕಟೆ ಎಂದು ಬರೆದದ್ದು ಕಂಡರೆ ನನ್ನ ಕೈ ನಿಲ್ಲುವುದಿಲ್ಲ. ಇದು ಹುಟ್ಟುಗುಣ. ನಾವಿರುವ ಗೋವಾದ ಮ್ಹಾಪಸಾ ಊರಿನ ಶುಕ್ರವಾರದ ಸಂತೆಯಲ್ಲಿ ಪುಕ್ಕಟೆ ಕೊತ್ತಂಬರಿಯ ಆಸೆಗೆ ಬೇಡದ ಬದನೆಕಾಯಿ ಎರಡು ಕಿಲೋ ಹೊತ್ತು ತಂದವನು ನಾನು. ಬದನೆಕಾಯಿಯನ್ನಾದರೆ ಹೇಗೋ ತಿಂದು ಮುಗಿಸಬಹುದು. ಫೋಟೋಗಳ ವಿಷಯದಲ್ಲಿ ಆ ಸೌಕರ್ಯವಿಲ್ಲ.

ಧಾರವಾಡದಲ್ಲಿ ಮಾವನವರಿಗೆ ಅರವತ್ತು ತುಂಬಿದ ಶಾಂತಿ ನಡೆಯಿತು. ಅದೇ ವರ್ಷ ಅವರ ಎದೆಯ ಆಪರೇಷನ್ ಆಗಿತ್ತು. ಅವರು ಮತ್ತೆ ಮದುಮಗನಾಗಿ ಕೂತದ್ದು ನೋಡಿ ಅತ್ತೆ ಕಣ್ಣೊರೆಸಿಕೊಳ್ಳುತ್ತಲೇ ಇದ್ದರು. ಡಿಜಿಟಲ್ ಕ್ಯಾಮೆರಾ ನಮ್ಮದಾದ್ದರಿಂದ ಪ್ರಿಂಟು ಹಾಕಿಸುವ ಹೊಣೆ ನನಗೆ ಬಂತು. ನಮ್ಮ ಬಿಲ್ಡಿಂಗಿನ ಕೆಳಗೇ ಸ್ಟುಡಿಯೋ ಇದೆ. “ಅಲ್ಲೇ ಕೊಟ್ಟು ಬರ್ರಿ” ಎಂದಳು ಹೆಂಡತಿ ಸುಮಾ. ನಾನು ಕೇಳಬೇಕಲ್ಲ! ಇಂಟರ್ನೆಟ್ಟಿನಲ್ಲಿ ಕಳಿಸಿದರೆ ಪ್ರಿಂಟು ನೇರವಾಗಿ ಧಾರವಾಡದ ಬಾಗಿಲಿಗೇ ಹೋಗುತ್ತದೆ, ಅಳಿಯ ಎಷ್ಟು ಮುಂದುವರಿದವನೆಂದು ಓಣಿಗೆಲ್ಲ ತಿಳಿಯುತ್ತದೆ. ಒಂದು ಸೆಟ್ ಅಲ್ಲಿಗೆ, ಒಂದು ಇಲ್ಲಿಗೆ. ಭಾನುವಾರವಿಡೀ ಕೂತು ಫೋಟೋ ಏರಿಸಿದೆ. ಅರ್ಧಕ್ಕೆ ಕರೆಂಟು ಹೋಗಿ ಮತ್ತೆ ಮೊದಲಿನಿಂದ ಶುರು ಮಾಡಿದೆ. ಕೊನೆಗೊಂದು ಚೌಕ ಬಂತು: ಫ್ಲಾಶಿನಿಂದ ಕಣ್ಣು ಕೆಂಪಗೆ ಬಿದ್ದಿದ್ದರೆ ಸರಿಪಡಿಸುತ್ತೇವೆ, ಪುಕ್ಕಟೆ. ಟಿಕ್ ಹಾಕಿದೆ.

ನಮ್ಮ ಸೆಟ್ ಮೊದಲು ಬಂತು. ಒಂದೊಂದೇ ನೋಡುತ್ತಿದ್ದ ಸುಮಾ ಒಂದನ್ನು ನನ್ನ ಮುಂದೆ ಹಿಡಿದಳು. “ರೀ, ಅವ್ವನ ಹಣಿ ನೋಡ್ರಿ.” ಅತ್ತೆಯ ನಾಲ್ಕಾಣೆ ಅಗಲದ ಕುಂಕುಮವಿದ್ದಲ್ಲಿ ಬೂದು ಕಲೆ. ಕೆಂಪಗೆ ದುಂಡಗೆ ಇದ್ದದ್ದೆಲ್ಲ ಕಣ್ಣೆಂದು ತಿಳಿದ ಕಂಪ್ಯೂಟರು ಒಬ್ಬ ಮುತ್ತೈದೆಯನ್ನೂ ಬಿಟ್ಟಿರಲಿಲ್ಲ. ಆಗಷ್ಟೇ ಮತ್ತೆ ತಾಳಿ ಕಟ್ಟಿಸಿಕೊಂಡ ಅತ್ತೆ ಮಾವನವರ ಪಕ್ಕದಲ್ಲಿ ಬರಿ ಹಣೆಯಲ್ಲಿ ನಗುತ್ತಿದ್ದರು. “ಅವ್ವ ಇದನ್ನ ನೋಡಿದ್ರ ಊಟಾ ಬಿಡ್ತಾಳ” ಎಂದಳು ಸುಮಾ. ನನಗೆ ನಿಜಕ್ಕೂ ಭಯವಾಯಿತು.

ಮರುದಿನ ಆಫೀಸಿನಲ್ಲಿ ಕೂತಲ್ಲಿ ಕೂರಲಾಗಲಿಲ್ಲ. ಬೋಳುನೆತ್ತಿ ಸವರಿಕೊಳ್ಳುತ್ತ ಹತ್ತು ನಿಮಿಷಕ್ಕೊಮ್ಮೆ ಕೊರಿಯರಿನ ನಂಬರು ಹೊಡೆದು ನೋಡಿದೆ. ಧಾರವಾಡದ ಪಾಕೀಟು ಬೆಳಗಾವಿಯಲ್ಲಿದೆ ಎಂದಿತು. ಚಹಾ ಕುಡಿದು ಬರುವಷ್ಟರಲ್ಲಿ ಹುಬ್ಬಳ್ಳಿ ಎಂದಿತು. ಈಗಲೇ ಬಸ್ಸು ಹತ್ತಿದರೆ ಅದಕ್ಕಿಂತ ಮುಂಚೆ ಮುಟ್ಟಬಹುದೇ ಎಂದು ಯೋಚಿಸಿದೆ. ಪಕ್ಕದ ಮೇಜಿನ ನಾಯ್ಕ, ಮನೆಯಲ್ಲಿ ಯಾರದಾದರೂ ಹೆರಿಗೆಯೇ ಎಂದು ಕೊಂಕಣಿಯಲ್ಲಿ ವಿಚಾರಿಸಿದ. ಮಧ್ಯಾಹ್ನ ‘ತಲುಪಿದೆ’ ಎಂದು ಬಂತು. ನನ್ನ ಜನ್ಮದಲ್ಲಿ ಮೊದಲ ಸಲ ಕೊರಿಯರಿನವರು ಹೇಳಿದ ದಿನಕ್ಕೇ ಮುಟ್ಟಿಸಿದ್ದರು.

ಫೋನು ಹಚ್ಚಿದೆ. “ಅತ್ತಿ, ಆ ಪಾಕೀಟು ಒಡೀಬ್ಯಾಡ್ರಿ.”

“ಒಡದ್ವಿ, ನೋಡಿದ್ವಿ” ಎಂದರು. “ಒಂದ್ ಗಳಿಗಿ ಎದಿ ಝಲ್ ಅಂತ್ರಿ. ಆಮ್ಯಾಲೆ ಕುಂಕುಮದ ಭರಣಿ ತಗೊಂಡು ಕೂತೆ. ಎಲ್ಲಾರ ಹಣಿಗೂ ನಾನ ಹಚ್ಚೇನಿ. ಇವರು ಬಾಜೂಕ ಕೂತು, ಇಲ್ಲೊಬ್ಬಾಕಿ ಉಳದಾಳ ನೋಡು ಅಂತ ತೋರಿಸಿದ್ರು.”

ಹೋದ ಜೀವ ಬಂದಂತಾಯಿತು. ಕಂಪ್ಯೂಟರಿಗೆ ಮನಸಾರೆ ಬೈದೆ, ಎಲ್ಲ ಅದರದೇ ತಪ್ಪು ಎಂದೆ. ಟಿಕ್ ಹಾಕಿದವರು ಯಾರೆಂಬ ಸುದ್ದಿ ಎತ್ತಲಿಲ್ಲ.

“ಹೌದ್ರಿ, ಭಾಳ ಕೆಟ್ಟದ್ದದ ಅದು” ಎಂದರು ಅತ್ತೆ. “ನಿಮ್ಮ ಫೋಟೋ ನೋಡಿದ್ರ ಖರೇನ ಹೊಟ್ಟಿ ಉರೀತದ. ನಡುನೆತ್ತಿ ಮ್ಯಾಲೆ ಒಂದ ಕೂದಲಾನೂ ಉಳಿಸಿಲ್ಲ. ಅಲ್ಲಿ ಏನು ಹಚ್ಚಬೇಕೋ ನಮಗ ತಿಳೀಲಿಲ್ರಿ.”

ಹಿಂದಿನಿಂದ ಮಾವನವರು ನಗುವ ಸದ್ದು ಕೇಳಿಸಿತು. ಎದೆಯ ಆಪರೇಷನ್ ಆದವರು ಅಷ್ಟು ನಗಬಾರದು.

“ಹೌದ್ರಿ ಅತ್ತಿ, ಅದನ್ನೂ ಕಂಪ್ಯೂಟರ ತಗದದ” ಎಂದುಬಿಟ್ಟೆ.