ಅಂಬಿಕಾಳ ನೌಕರಿಗೆ ನಾನು ಮಾಡಿದ ದಲಾಲಿ

ಪ್ರೋಗ್ರಾಮಿಂಗ್ ನೌಕರಿಗೆ ಕಂಪ್ಯೂಟರ್ ಡಿಗ್ರಿ ಬೇಕೋ ಬೇಡವೋ ಎಂಬ ಪ್ರಶ್ನೆಗೆ ಉತ್ತರ ತಿಳಿಯಲು ನನಗೆ ತಗಲಿದ ಖರ್ಚು ಒಂದು ತಿಂಗಳ ಪಗಾರ. ಪಗಾರ ನನ್ನದಲ್ಲ, ನನ್ನ ತಂಗಿಯ ಮಗಳು ಅಂಬಿಕಾಳದು. ಕಾರಣ ಮಾತ್ರ ಪೂರ್ತಿ ನನ್ನದು: ನನ್ನ ಬಾಯಿ. ಈ ಬಾಯಿಯಿಂದಲೇ ನಾನು ಭಾಲ್ಕಿಯಲ್ಲಿ ಮನೆ ಕಟ್ಟಿದ್ದೇನೆ. ಔರಾದಿನ ದನದ ಬಜಾರದಲ್ಲಿ ಎತ್ತಿನ ದಲಾಲಿ ಮಾಡುವವನಿಗೆ ಬೇರೆ ಬಂಡವಾಳ ಏನಿರುತ್ತದೆ? ಕೊಳ್ಳುವವನ ಮುಂದೆ ಎತ್ತನ್ನು ಹೊಗಳಬೇಕು, ಮಾರುವವನ ಮುಂದೆ ಅದೇ ಎತ್ತನ್ನು ತೆಗಳಬೇಕು, ಎರಡನ್ನೂ ಒಂದೇ ಮುಖದಲ್ಲಿ ಮಾಡಬೇಕು. ಅಭ್ಯಾಸ ಎಷ್ಟು ಬಲಿತಿದೆಯೆಂದರೆ ಮದುವೆ ಊಟದಲ್ಲೂ ನಾನು ಅನ್ನ ಬೇಡವೆಂದು ಹೇಳಿ, ಅದರ ಬದಲಿಗೆ ಇನ್ನೊಂದು ಹೋಳಿಗೆ ಬಡಿಸಿಕೊಳ್ಳುತ್ತೇನೆ.

ಅಂಬಿಕಾ ಕಾಲೇಜಿನಲ್ಲಿ ಓದಿದ್ದು ಇತಿಹಾಸದ ಬಿ.ಎ. ಪ್ರೋಗ್ರಾಮಿಂಗ್ ಕಲಿತದ್ದು ಮನೆಯಲ್ಲೇ, ಯಾರೋ ಬಳಸಿ ಬಿಟ್ಟ ಲ್ಯಾಪ್‌ಟಾಪಿನ ಮುಂದೆ ಕೂತು. ಬೀದರದ ನೌಬಾದದಲ್ಲಿ ಅಂಗಡಿಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿಯೊಂದು ಅವಳನ್ನು ಸಂದರ್ಶನಕ್ಕೆ ಕರೆಯಿತು. ನನ್ನ ತಂಗಿ ಕಾಶಮ್ಮ ಷರತ್ತು ಹಾಕಿದಳು.

"ಇದು ಸಿಕ್ಕರ ಹೋಗು. ಸಿಗಲಿಲ್ಲಂದ್ರ ಸುಮ್ಮ ಮೂರು ವರ್ಷ ಕಂಪ್ಯೂಟರ್ ಡಿಗ್ರಿ ಓದು."

"ಮತ್ತ ಮೊದಲನೇ ವರ್ಷದ ಹುಡುಗ್ಯಾರ ಬಾಜೂಕ ಕೂಡ್ಲೇನವ್ವಾ? ಅವರು ನನಗ ಆಂಟಿ ಅಂತಾರ!"

ಹುಡುಗಿಯ ಕಣ್ಣಲ್ಲಿ ನೀರು ಕಂಡಿತು. ಮೂರು ವರ್ಷ ಉಳಿಸುವ ಜವಾಬ್ದಾರಿ ನಾನೇ ಹೊತ್ತುಕೊಂಡೆ, ಯಾರೂ ಹೊರಿಸಿರಲಿಲ್ಲ. ಬಸ್ಸು ಹತ್ತುವಾಗ ಅವಳು ಹೇಳಿದಳು, "ಮಾಮಾ, ಬರೋದಾದ್ರ ಬಾ. ಒಳಗ ಮಾತಾಡಬ್ಯಾಡ."

"ನಾ ಯಾಕ ಮಾತಾಡ್ಲಿ? ನನಗೇನು ಮಾತಿನ ಚಟ ಅದಾ?" ಎಂದೆ.

ಕಂಪನಿಯ ಮಾಲೀಕ ಕನ್ನಡಕದ ತರುಣ. ಅಂಬಿಕಾ ಹಾಲಿನ ಡೇರಿಗೆಂದು ಮಾಡಿದ ಪ್ರೋಗ್ರಾಂ ಅವನ ಮುಂದೆ ತೆರೆದಿತ್ತು. ಅಲ್ಲಿ ಒತ್ತಿದ, ಇಲ್ಲಿ ಒತ್ತಿದ, ಆಮೇಲೆ ಬಹಳ ಹೊತ್ತು ಸುಮ್ಮನೆ ಕೂತ. ನಮ್ಮ ಬಜಾರದಲ್ಲಿ ಗಿರಾಕಿ ಸುಮ್ಮನಾದನೆಂದರೆ ಕೈಬಿಟ್ಟನೆಂದೇ ಅರ್ಥ. ಅಷ್ಟರಲ್ಲಿ ಅವನು, "ಕಂಪ್ಯೂಟರ್ ಡಿಗ್ರಿ ಇಲ್ಲಲ್ರಿ?" ಎಂದ.

ನನ್ನಿಂದ ತಡೆದುಕೊಳ್ಳಲಾಗಲಿಲ್ಲ. "ಸಾಹೇಬ್ರ, ಎತ್ತು ತೊಗೊಳ್ಳಾಗ ಅದರಪ್ಪನ ಹೆಸರು ಕೇಳ್ತಾರೇನ್ರಿ? ಹಲ್ಲು ನೋಡ್ತಾರ, ನೊಗಕ್ಕ ಹೂಡಿ ನೋಡ್ತಾರ!" ಎನ್ನುತ್ತಲೇ ಹೆಗಲ ಮೇಲಿನ ಟವೆಲ್ಲನ್ನು ಅವನ ಕೈಮೇಲೆ ಹಾಕಿ, ಕೆಳಗಿನಿಂದ ಅವನ ಒಂದು ಬೆರಳು ಹಿಡಿದೆ. ನಮ್ಮಲ್ಲಿ ವ್ಯವಹಾರ ಕುದುರುವುದೇ ಹಾಗೆ, ಬಟ್ಟೆಯ ಮರೆಯಲ್ಲಿ, ಬೆರಳಿನ ಲೆಕ್ಕದಲ್ಲಿ. ಅವನು ಬೆಚ್ಚಿದ. ಬೆರಳಿನ ಭಾಷೆ ಅವನಿಗೆ ತಿಳಿಯಲಿಲ್ಲ, ಹಾಗಾಗಿ ಬಾಯಿಬಿಟ್ಟೇ ಹೇಳಿದೆ: "ಒಂದು ತಿಂಗಳು ಪುಕ್ಕಟ ಹೂಡ್ರಿ. ಎಳದ್ರ ಇಟ್ಕೊಳ್ರಿ, ಎಳೀಲಿಲ್ಲಂದ್ರ ಹಗ್ಗ ಬಿಚ್ರಿ."

ಅಂಬಿಕಾ ಕಣ್ಣು ಮುಚ್ಚಿಕೊಂಡಳು. ಮಾಲೀಕ ಮೆಲ್ಲಗೆ ಬೆರಳು ಬಿಡಿಸಿಕೊಂಡ. "ಡಿಗ್ರಿ ಇಲ್ಲಂದ್ರ ಇಷ್ಟು ಚಂದ ಎಲ್ಲಿ ಕಲ್ತಾರ ಅಂತ ಕೇಳ್ಲತ್ತಿದ್ದೆ ಅಷ್ಟರಿ. ನಾಳಿಂದ ಪಗಾರದ ಮ್ಯಾಲ ಬರ್ರಿ ಅನ್ನಾವಿದ್ದೆ. ಆದ್ರ ಹಿರಿಯರು ಒಂದು ತಿಂಗಳು ಪುಕ್ಕಟ ಅನ್ಲತ್ತಾರ. ನನಗ ಒಪ್ಪಿಗಿ ಅದರಿ."

ಟವೆಲ್ಲಿನ ಕೆಳಗೆ ಆಡಿದ ಮಾತನ್ನು ನಮ್ಮ ಬಜಾರದಲ್ಲಿ ಯಾರೂ ಹಿಂದಕ್ಕೆ ತೆಗೆದುಕೊಂಡಿಲ್ಲ. ನಾನೂ ತೆಗೆದುಕೊಳ್ಳಲಿಲ್ಲ.

ಮೆಟ್ಟಿಲಿಳಿಯುವಾಗ ಅವಳು ಕೇಳಿದಳು, "ಮಾಮಾ, ನಾ ಎತ್ತೇನು?"

"ಮಾತಿಗಂದೆ ತಾಯಿ."

"ಎತ್ತಿಗರ ಮೇವು ಹಾಕ್ತಾರ. ನೀ ನನಗ ಅದೂ ತಪ್ಪಿಸಿದಿ."

ಆ ತಿಂಗಳ ಬಸ್ ಪಾಸು, ಮಧ್ಯಾಹ್ನದ ಬುತ್ತಿ ಎರಡೂ ನನ್ನ ಪಾಲಿಗೆ ಎಂದು ಕಾಶಮ್ಮ ತೀರ್ಪು ಕೊಟ್ಟಳು. ಚೌಕಾಸಿಗೆ ಆಸ್ಪದವೇ ಇರಲಿಲ್ಲ. ತಿಂಗಳು ಮುಗಿಯಿತು, ಹುಡುಗಿ ಪಗಾರದ ಮೇಲೆ ನಿಂತಳು. ಡಿಗ್ರಿ ಓದಿ ಬಂದವರಿಗೆ ಕೆಲವು ಸಂಗತಿ ಬುಡದಿಂದ ಗೊತ್ತಂತೆ. ಅವನ್ನು ಅವಳೀಗ ಭಾಲ್ಕಿ ಬಸ್ಸಿನಲ್ಲಿ ಓದಿಕೊಳ್ಳುತ್ತಾಳೆ, ಸೀಟು ಸಿಕ್ಕ ದಿನ.

ಆದ್ದರಿಂದ ಓದುಗರೇ, ಕಂಪ್ಯೂಟರ್ ಡಿಗ್ರಿ ಓದುವ ಅನುಕೂಲವಿದ್ದರೆ ಓದಿ, ಬಾಗಿಲು ಬೇಗ ತೆರೆಯುತ್ತದೆ. ಇಲ್ಲವಾದರೆ ನೀವೇ ಮಾಡಿದ್ದೊಂದನ್ನು ಕೈಯಲ್ಲಿ ಹಿಡಿದು ಹೋಗಿ, ತೋರಿಸಿ. ತೋರಿಸಿದ ಮೇಲೆ ಎದುರಿನವರು ಸುಮ್ಮನಾದರೆ ನೀವೂ ಸುಮ್ಮನಿರಿ; ಅವರು ಲೆಕ್ಕ ಹಾಕುತ್ತಿರುತ್ತಾರೆ. ಜೊತೆಗೆ ಮಾಮಾ ಬರುತ್ತೇನೆಂದರೆ ಬೇಡವೆನ್ನಬೇಡಿ, ಪಾಪ, ಪ್ರೀತಿಯಿಂದ ಬರುತ್ತಾನೆ. ಕೆಳಗಿನ ಚಹಾದಂಗಡಿಯಲ್ಲಿ ಕೂರಿಸಿ, ಟವೆಲ್ ಮಾತ್ರ ಇಸಿದುಕೊಂಡು ಮೇಲೆ ಹೋಗಿ.