ಸೌತೆಗೆ ಸಂಬಂಧ ನೋಡುತ್ತಿದ್ದ ಅತ್ತಿಗೆ

ಅನಘಾ, ಪ್ರಜ್ವಲ್, ನಿಮ್ಮ ಅಜ್ಜನಿಗೆ ಒಬ್ಬರು ಅಕ್ಕ ಇದ್ದರು. ನನಗೆ ಅತ್ತಿಗೆ. ನಮ್ಮ ಜೊತೆಯಲ್ಲೇ ಇದ್ದವರು. ಅವರಿಗೆ ಮನುಷ್ಯರ ಕಷ್ಟಸುಖಕ್ಕಿಂತ ಮುಳ್ಳುಸೌತೆಯ ಕಷ್ಟಸುಖ ದೊಡ್ಡದು ಎಂದರೆ ನೀವು ನಂಬುತ್ತೀರಾ? ನಾನು ಮದುವೆಯಾಗಿ ಬಂದ ದಿನ ಅವರು ಕೇಳಿದ ಮೊದಲ ಮಾತು, "ನಿಮ್ಮ ಕಾರ್ಕಳದಲ್ಲಿ ಹರಿವೆ ಸೊಪ್ಪು ಕೆಂಪಾ, ಬಿಳಿಯಾ?" ನಾಚಿಕೆಯಿಂದ ನನಗೆ ಬಾಯಿಯೇ ಬರಲಿಲ್ಲ. "ಹುಡುಗಿಗೆ ಹರಿವೆ ಗೊತ್ತಿಲ್ಲ" ಎಂದು ತಮ್ಮನಿಗೆ ವರದಿ ಒಪ್ಪಿಸಿದರು!

ನಮ್ಮ ಮನೆ ಕಾಪುವಿನಲ್ಲಿ, ಕಡಲ ಗಾಳಿ ತಾಗುವ ಹೊಯಿಗೆ, ಅಂದರೆ ಮರಳು ನೆಲದಲ್ಲಿತ್ತು. ಅತ್ತಿಗೆಯ ಮುಳ್ಳುಸೌತೆ ಆ ಉಪ್ಪುಗಾಳಿಗೂ ಜಗ್ಗುತ್ತಿರಲಿಲ್ಲ, ಆಟಿ ತಿಂಗಳ ಮಳೆಗೂ ಕೊಳೆಯುತ್ತಿರಲಿಲ್ಲ. ಪೇಟೆಗೆ ಬಣ್ಣದ ಪೊಟ್ಟಣದ ಬೀಜ ಬರತೊಡಗಿದ ಕಾಲ ಅದು. ನಿಮ್ಮ ಅಜ್ಜ ಒಮ್ಮೆ ಉಡುಪಿಯಿಂದ ಅಂಥದೊಂದು ತಂದು ಹಾಕಿದರು. ಬಳ್ಳಿಯೇನೋ ಬಂತು, ಮೊದಲ ಜೋರು ಮಳೆಗೆ ಮಲಗಿಯೂ ಬಿಟ್ಟಿತು. ಅತ್ತಿಗೆ ಖಾಲಿ ಪೊಟ್ಟಣವನ್ನು ಕಿಟಕಿಗೆ ಸಿಕ್ಕಿಸಿ, "ಚಿತ್ರ ಮಾತ್ರ ಕೊಳೆಯಲಿಲ್ಲ ನೋಡು" ಎಂದು ಮಳೆಗಾಲವಿಡೀ ತಮ್ಮನಿಗೆ ತೋರಿಸಿದರು.

ಪತ್ತನಾಜೆ ಎಂದರೆ ಬೇಸಗೆಯ ಕೊನೆಗೆ, ತರಕಾರಿ ಬೀಜ ಹಾಕಲು ನಮ್ಮವರು ನೋಡಿಕೊಂಡ ದಿನ. ಅದರ ಹಿಂದಿನ ಭಾನುವಾರ ಸುತ್ತಿನ ಹೆಂಗಸರು ಬೀಜ ಬದಲಿಸಿಕೊಳ್ಳಲು ನಮ್ಮ ಜಗಲಿಯಲ್ಲಿ ಸೇರುತ್ತಿದ್ದರು. ದೂರದ ಸಂತೆಕಟ್ಟೆಯಿಂದ ಬಸ್ಸಿನಲ್ಲಿ ಬರುವವರೂ ಇದ್ದರು. ಸೆರಗಿನ ಗಂಟಿನಲ್ಲಿ ಬೆಂಡೆ, ಔಷಧದ ಬಾಟಲಿಯಲ್ಲಿ ಹರಿವೆ, ಬೂದಿ ಮೆತ್ತಿದ ಅಲಸಂಡೆ. ಇವರದು ಅವರಿಗೆ, ಅವರದು ಇವರಿಗೆ. ಕೇಳಿದ ಕೂಡಲೇ ಎಲ್ಲರೂ ಕೊಡುತ್ತಿದ್ದರು, ಅತ್ತಿಗೆಯೊಬ್ಬರನ್ನು ಬಿಟ್ಟು. ಅವರು ಹೆಣ್ಣು ಕೊಡುವವರ ಹಾಗೆ ವಿಚಾರಿಸುತ್ತಿದ್ದರು. ನಾನು ಮದುವೆಯಾಗಿ ಬರುವ ಮೊದಲು ಒಮ್ಮೆ ಮೀನು ಮಾರುವ ಹೆಜಮಾಡಿಯ ಗಿರಿಜಕ್ಕ ಸೌತೆ ಬೀಜ ಕೇಳಿದರು.

"ಬಿಸಿಲು ಉಂಟಾ?" ಅತ್ತಿಗೆ ಶುರುಮಾಡಿದರು.

"ಉಂಟು."

"ಬೇಲಿ?"

"ಉಂಟಕ್ಕ."

"ಕೋಳಿ?"

"ಆರು ಉಂಟು."

"ಹಾಗಾದರೆ ಬೀಜ ಇಲ್ಲ."

"ಎಂತ ಅಕ್ಕ ಇದು! ನಾನು ಬೀಜ ಕೇಳ್ಲಿಕ್ಕೆ ಬಂದದ್ದಾ, ಮಗನಿಗೆ ಹೆಣ್ಣು ಕೇಳ್ಲಿಕ್ಕೆ ಬಂದದ್ದಾ?"

"ಹೆಣ್ಣಾದರೆ ಕೋಳಿಯನ್ನು ಓಡಿಸಿಯಾಳು. ಸೌತೆಗೆ ಕೈ ಉಂಟಾ?"

ಗಿರಿಜಕ್ಕ ಕೋಳಿಗೂಡು ಕಟ್ಟಿಸಿ ಮರುವರ್ಷ ಬಂದು ನಾಲ್ಕು ಬೀಜ ಪಡೆದರು. ಆಟಿಯಲ್ಲಿ ಅತ್ತಿಗೆ ಕೊಡೆ ಹಿಡಿದು ಹೆಜಮಾಡಿಗೆ ಹೋದರು. ಬಳ್ಳಿಯ ಯೋಗಕ್ಷೇಮ ವಿಚಾರಿಸಿ, ಜ್ವರದಲ್ಲಿ ಮಲಗಿದ್ದ ಗಿರಿಜಕ್ಕನ ಗಂಡನನ್ನು ಮಾತನಾಡಿಸದೆ ತಿರುಗಿ ಬಂದರು!

ಇನ್ನು ಮದುವೆಯಾದ ಮೊದಲ ವರ್ಷದ ನನ್ನ ಪ್ರತಾಪ ಕೇಳಿ. ನನ್ನ ತವರಿನಲ್ಲಿ ಸೌತೆ ಬೀಜವನ್ನು ಬೂದಿಯಲ್ಲಿ ಹೊರಳಿಸಿ, ಬಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೆ ತೂಗುಹಾಕುತ್ತಿದ್ದರು. ಅತ್ತಿಗೆ ಸೆಗಣಿಯಲ್ಲಿ ಕಲಸಿ, ಬಿಲ್ಲೆ ತಟ್ಟಿ, ಹಿತ್ತಲ ಕಡೆಯ ಗೋಡೆಗೆ ಅಂಟಿಸುತ್ತಿದ್ದರು. ನನಗೇನು ಗೊತ್ತು! ಮಳೆಗೆ ಮೊದಲು ಮನೆ ಚೊಕ್ಕ ಮಾಡುವಾಗ, ಯಾರೋ ತಟ್ಟಿ ಮರೆತ ಬೆರಣಿ ಎಂದು ಅಷ್ಟನ್ನೂ ಕೆರೆದು ಬಚ್ಚಲೊಲೆಗೆ ಹಾಕಿದೆ. ಸ್ನಾನ ಮುಗಿಸಿ ಬಂದ ಅತ್ತಿಗೆ, "ಇವತ್ತು ನೀರು ಒಳ್ಳೆ ಬಿಸಿ ಉಂಟು" ಎಂದು ನನ್ನನ್ನು ಮೊದಲ ಬಾರಿ ಹೊಗಳಿದರು. ಆಮೇಲೆ ಗೋಡೆ ನೋಡಿದರು.

"ಇಲ್ಲಿದ್ದದ್ದು ಎಂತ ಆಯ್ತು?"

"ಬೆರಣಿ ಅಂತ..." ಎಂದೆ. ಬಚ್ಚಲೊಲೆಯ ಕಡೆ ಕೈ ತೋರಿಸಿದೆ.

ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ಒಲೆಯ ಮುಂದೆ ಕುಳಿತು ಕಡ್ಡಿಯಿಂದ ಬೂದಿ ಕೆದಕಿದರು. ಅವರು ಬೀಜ ಕೊಟ್ಟದ್ದೇ ಮೂರು ಮನೆಗೆ. ಇಬ್ಬರು ಬೀಜಕ್ಕೆ ಒಂದು ಕಾಯಿಯನ್ನೂ ಬಿಡದೆ ತಿಂದು ಮುಗಿಸಿದ್ದರು. ಉಳಿದವರು ಗಿರಿಜಕ್ಕ. ಅವರೂ ತಿಂದಿದ್ದರೆ ಆ ಸೌತೆ ಅಲ್ಲಿಗೆ ಮುಗಿಯಿತು.

ಭಾನುವಾರ ಜಗಲಿ ತುಂಬಿತು. ನಾನು ಬಾಗಿಲ ಹಿಂದೆ ನಿಂತಿದ್ದೆ.

"ಗಿರಿಜಾ, ಸೌತೆ ಬೀಜಕ್ಕೆ ಬಿಟ್ಟಿದ್ದಿಯಾ?" ಎಂದರು ಅತ್ತಿಗೆ.

"ಒಂದು ಕಾಯಿ ಬಿಟ್ಟಿದ್ದೆ. ಎಂತಕ್ಕೆ?"

"ನನಗೆ ಬೇಕಿತ್ತು."

ಎಲ್ಲರೂ ತಿರುಗಿ ನೋಡಿದರು. "ನಿಮಗಾ! ನಿಮ್ಮದು ಎಂತ ಆಯ್ತು?" ಎಂದರು ಗಿರಿಜಕ್ಕ.

ನಾನು ಬಾಗಿಲ ಮರೆಗೆ ಇನ್ನಷ್ಟು ಸರಿದೆ.

"ಈಗ ಕಣ್ಣು ಸರಿ ಕಾಣುವುದಿಲ್ಲ ಮಾರಾಯ್ತಿ. ಬೆರಣಿ ಅಂತ ನಾನೇ ಒಲೆಗೆ ಹಾಕಿದೆ."

ಜಗಲಿಯೇ ನಕ್ಕಿತು. ಗಿರಿಜಕ್ಕ ಇಂಥ ದಿನವನ್ನು ಬಿಟ್ಟಾರೆಯೇ? ಕಾಲು ಚಾಚಿ ಕುಳಿತು ಕೇಳಿದರು, "ಬಿಸಿಲು ಉಂಟಾ ಅಕ್ಕ?"

"ಉಂಟು."

"ಬೇಲಿ?"

"ಉಂಟು."

"ಒಲೆ?"

ಅತ್ತಿಗೆ ತಲೆ ತಗ್ಗಿಸಿ, "ಅದೂ ಉಂಟು" ಎಂದರು.

"ಹಾಗಾದರೆ ನಾಲ್ಕೇ ಬೀಜ!"

ನಾಲ್ಕರಲ್ಲಿ ಮೂರು ಹುಟ್ಟಿದವು, ಸೌತೆ ಉಳಿಯಿತು. ಆದರೆ ಮರುವರ್ಷದಿಂದ ಬೀಜದ ಕೂಟ ಗಿರಿಜಕ್ಕನ ಜಗಲಿಗೆ ಹೋಯಿತು. ಅತ್ತಿಗೆಗೆ 'ಬೀಜ ಸುಟ್ಟ ಅಕ್ಕ' ಎಂದು ಹೆಸರು ಬಿತ್ತು. ಅಲ್ಲಿ ಮೂಲೆಯಲ್ಲಿ ಕುಳಿತು, ಕೊಟ್ಟದ್ದನ್ನು ತೆಗೆದುಕೊಂಡು ಬರುತ್ತಿದ್ದರು. ಯಾರನ್ನೂ ಏನೂ ವಿಚಾರಿಸುತ್ತಿರಲಿಲ್ಲ. ನನಗೆ ತಡೆಯಲಾಗಲಿಲ್ಲ. "ನಿಜ ಹೇಳಿಬಿಡುತ್ತೇನೆ ಅತ್ತಿಗೆ" ಎಂದೆ.

"ಸುಮ್ಮನಿರು. ನನಗೆ ಐವತ್ತಾಯ್ತು, ನಗುವವರು ಎಷ್ಟು ದಿನ ನಕ್ಕಾರು? ನಿನಗೆ ಇವರ ನಡುವೆ ಇನ್ನೂ ಬಾಳಲಿಕ್ಕುಂಟು."

ಅವರು ಹೋಗಿ ಎಷ್ಟೋ ವರ್ಷಗಳಾದವು. ನಾಲ್ಕು ಜನರೆದುರು ಮಾತನಾಡಲು ನನಗೆ ಇಂದಿಗೂ ಅಂಜಿಕೆ. ಇಷ್ಟು ಕಾಲ ಆ ಅಂಜಿಕೆಯ ಹಿಂದೆಯೇ ಅಡಗಿದ್ದೆ. ಬರೆಯುವುದಾದರೆ ಆಗುತ್ತದೆ. ಬೀಜ ಸುಟ್ಟವಳು ನಾನು, ಅವರಲ್ಲ. ಇದನ್ನು ಬೇರೆಲ್ಲೂ ಬರೆದಿಟ್ಟಿಲ್ಲ ಮಕ್ಕಳೇ. ಈ ಹಾಳೆಗಳನ್ನು ಜೋಪಾನವಾಗಿಡಿ.